ಬಿರುಕು ಹುಟ್ಟಿದ್ದು ಎಲ್ಲಿ?

ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿ ಮೇಲೆ ಕೊಟ್ಟೂರಿಗೆ ಬರುವ ರೈಲು ದಾರಿಗೆ ನೂರು ವರ್ಷ ದಾಟಿದೆ. ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂತು, ಹಳಿ ಹರಪನಹಳ್ಳಿ ದಾಟಿ ಹರಿಹರ ಮುಟ್ಟಿತು, 2019ರಲ್ಲಿ ಆ ದಾರಿಯಲ್ಲಿ ಪ್ಯಾಸೆಂಜರ್ ಗಾಡಿಯೂ ಓಡತೊಡಗಿತು. ಕೂಡ್ಲಿಗಿ, ಹಡಗಲಿಯವರು ಇನ್ನೂ ಬಸ್ಸನ್ನೇ ನಂಬಿದ್ದಾರೆ. ಹಾಗಾಗಿ ಈ ಸೀಮೆಯಲ್ಲಿ ರೈಲಿನ ಮಾತು ಎದ್ದರೆ ‘ನಮ್ಮೂರಿಗೆ ಯಾವಾಗ’ ಎಂಬಲ್ಲಿಗೇ ಮುಗಿಯುತ್ತದೆ. ಬಂದ ಹಳಿ ಯಾಕೆ ಮುರಿಯುತ್ತದೆ ಎಂದು ಯಾರೂ ಕೇಳುವುದಿಲ್ಲ. ಆ ಪ್ರಶ್ನೆಯನ್ನು ಪಟ್ಟು ಹಿಡಿದು ಕೇಳಿದ್ದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯ. 1931ರಲ್ಲಿ ಅಲ್ಲಿ ಶುರುವಾದ ಸಂಶೋಧನೆಯ ಗುಣದೋಷಗಳನ್ನು ಅದಿರು ಗಾಡಿಗಳ ಈ ನಾಡಿನಿಂದ ನೋಡುವುದಕ್ಕೆ ಕಾರಣವಿದೆ.

ಮೊದಲು, ಹಳಿ ಮುರಿದರೆ ತಪ್ಪು ಯಾರದು ಎಂಬ ಜಗಳದ ಮೂಲ. 1911ರ ಆಗಸ್ಟ್ 25ರಂದು ನ್ಯೂಯಾರ್ಕ್ ರಾಜ್ಯದ ಮ್ಯಾಂಚೆಸ್ಟರ್ ಬಳಿ ಲೀಹೈ ವ್ಯಾಲಿ ಕಂಪನಿಯ ಗಾಡಿ ಹಳಿ ತಪ್ಪಿ 29 ಜನ ಸತ್ತರು. ಮುರಿದ ಹಳಿಯನ್ನು ಪರೀಕ್ಷಿಸಿದ ಎಂಜಿನಿಯರ್ ಜೇಮ್ಸ್ ಹೋವರ್ಡ್ ಹಳಿಯ ತಲೆಯೊಳಗೆ ಅಡ್ಡಲಾಗಿ ಬೆಳೆದ ಬಿರುಕನ್ನು ಕಂಡರು. ಹೊರಗಿನಿಂದ ನೋಡಿದರೆ ಹಳಿ ನೆಟ್ಟಗೇ ಇತ್ತು. ಇಂಥ ಮುರಿತಗಳು ಮುಂದೆ ಹೆಚ್ಚುತ್ತ ಹೋದಂತೆ ಉಕ್ಕಿನ ಕಾರ್ಖಾನೆಯವರು ‘ನೀವು ಹೇರುವ ಭಾರ ಅತಿಯಾಯಿತು’ ಎಂದರು. ರೈಲ್ವೆಯವರು ‘ನೀವು ಕೊಟ್ಟ ಉಕ್ಕೇ ಕೆಟ್ಟದ್ದು’ ಎಂದರು. ಸುಮಾರು ಇಪ್ಪತ್ತು ವರ್ಷ ಇದೇ ನಡೆಯಿತು. 1928ರಲ್ಲಿ ಯಂತ್ರ ಸಂಶೋಧಕ ಎಲ್ಮರ್ ಸ್ಪೆರಿ ಹಳಿಗೆ ವಿದ್ಯುತ್ ಹರಿಸಿ ಒಳಬಿರುಕು ಹುಡುಕುವ ಗಾಡಿ ಓಡಿಸಿದಾಗ ಬಿರುಕುಗಳೇನೋ ಸಿಕ್ಕವು, ಕಾರಣ ಸಿಗಲಿಲ್ಲ.

ಇಲಿನಾಯ್‌ನ ಹರ್ಬರ್ಟ್ ಮೂರ್ ಲೋಹದ ದಣಿವಿನ, ಅಂದರೆ ಮತ್ತೆ ಮತ್ತೆ ಬೀಳುವ ಭಾರಕ್ಕೆ ಲೋಹ ಸೋಲುವುದರ ಬಗ್ಗೆ ಹತ್ತು ವರ್ಷಕ್ಕೂ ಮೀರಿ ದುಡಿದಿದ್ದವರು. ಅವರ ತಂಡಕ್ಕೆ ಹಣ ಕೊಟ್ಟವರು ಜಗಳವಾಡುತ್ತಿದ್ದ ಎರಡೂ ಕಡೆಯವರು. ಇದನ್ನು ದೋಷವೆಂದು ಎಣಿಸುವವರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. ಒಬ್ಬರ ದುಡ್ಡಾಗಿದ್ದರೆ ಇನ್ನೊಬ್ಬರು ವರದಿಯನ್ನು ಓದುತ್ತಲೇ ಇರಲಿಲ್ಲ. ತಂಡ ಹಳಿಯನ್ನು ಸೀಳಿ, ನುಣುಪು ಮಾಡಿ, ಬಿಸಿ ಆಮ್ಲದಲ್ಲಿ ಅದ್ದಿತು. ತಲೆಯೊಳಗೆ ಕೂದಲೆಳೆಯಂಥ ಬಿರುಕುಗಳು ಎದ್ದು ಕಂಡವು, ಅದೂ ಒಂದು ಚಕ್ರವೂ ಹಾಯದ ಹೊಸ ಹಳಿಗಳಲ್ಲಿ. ಅಂಥ ಹಳಿಯ ಮೇಲೆ ಪ್ರಯೋಗಶಾಲೆಯಲ್ಲಿ ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ಉರುಳಿಸಿದಾಗ ಆ ಎಳೆಗಳೇ ದೊಡ್ಡ ಬಿರುಕಾಗಿ ಬೆಳೆದವು. ಹುಟ್ಟಿದ್ದು ಕಾರ್ಖಾನೆಯಲ್ಲಿ, ಬೆಳೆದದ್ದು ಗಾಡಿಯ ಕೆಳಗೆ. ತಪ್ಪು ಯಾರದು ಎಂಬ ಪ್ರಶ್ನೆಯನ್ನು ಎರಡಾಗಿ ಬಿಡಿಸಿದ್ದೇ ಈ ಕೆಲಸದ ದೊಡ್ಡ ಗುಣ.

ಕಾರಣ ಹೈಡ್ರೋಜನ್. ಕರಗಿದ ಉಕ್ಕಿನಲ್ಲಿ ಸೇರಿಕೊಂಡ ಅನಿಲ ಹಳಿ ಬೇಗ ತಣಿದರೆ ಹೊರಬರಲಾಗದೆ ಒಳಗೇ ಒತ್ತಿ ಸೀಳುತ್ತದೆ. ಉಪಾಯ ಸರಳ: ರೋಲಿಂಗ್ ಮಿಲ್ಲಿನಿಂದ ಬಂದ ಬಿಸಿ ಹಳಿಯನ್ನು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ತಾಸುಗಟ್ಟಲೆ ನಿಧಾನಕ್ಕೆ ತಣಿಸುವುದು. ಕಾದ ಕಬ್ಬಿಣವನ್ನು ಬೂದಿಯಲ್ಲಿ ಹುಗಿಯುವ ನಮ್ಮ ಕಮ್ಮಾರರಿಗೆ ನಿಧಾನದ ಈ ಗುಣ ಹೊಸದೇನಲ್ಲ. ಆದರೆ ಇಲ್ಲಿ ವಿಮರ್ಶಕ ಒಂದು ಮಾತು ಹೇಳಲೇಬೇಕು. ನಿಧಾನ ತಣಿಕೆಯನ್ನು ಇಲಿನಾಯ್ ಕಂಡುಹಿಡಿಯಲಿಲ್ಲ. ಕೆನಡಾದ ನೋವಾ ಸ್ಕಾಟಿಯಾದ ಸಿಡ್ನಿ ಕಾರ್ಖಾನೆಯಲ್ಲಿ ಮ್ಯಾಕಿ ಎಂಬುವವರು ಅದನ್ನು ಆಗಲೇ ನಡೆಸುತ್ತಿದ್ದರು. ವಿಶ್ವವಿದ್ಯಾಲಯ ಮಾಡಿದ್ದು ಆ ಕೈಚಳಕಕ್ಕೆ ಪುರಾವೆ ಒದಗಿಸಿ ಎಲ್ಲರೂ ಒಪ್ಪುವಂತೆ ಮಾಡಿದ್ದು. ಅದು ಸಣ್ಣ ಕೆಲಸವಲ್ಲ, ಆದರೆ ಆವಿಷ್ಕಾರದ ಕಿರೀಟ ಬೇರೆಯವರದು.

ಇನ್ನೊಂದು ಕೊರತೆ ಹೆಚ್ಚು ಭಾರದ್ದು. ಒಂದು ಬಗೆಯ ಬಿರುಕು ಗೆದ್ದದ್ದನ್ನು ಹಳಿಯ ಸಮಸ್ಯೆಯನ್ನೇ ಗೆದ್ದಂತೆ ಓದಿಕೊಳ್ಳುವ ಅಪಾಯ ಈ ಸಂಶೋಧನೆಯಲ್ಲಿತ್ತು. ಹೈಡ್ರೋಜನ್ ಇಲ್ಲದ ಹಳಿಯೂ ಚಕ್ರ ತಾಗುವ ಮೇಲ್ಮೈಯಿಂದ ಸೀಳುತ್ತದೆ, ಭಾರ ಹೆಚ್ಚಿದಷ್ಟೂ ಬೇಗ. 2005ರ ಸುಮಾರಿಗೆ ನಮ್ಮ ರೈಲ್ವೆ ಅದಿರಿನ ಮಾರ್ಗಗಳಲ್ಲಿ ಅಚ್ಚಿನ ಭಾರವನ್ನು 20.3 ಟನ್ನಿಂದ ಸುಮಾರು 22.8 ಟನ್ನಿಗೆ ಏರಿಸಿತು. ಸೊಂಡೂರು, ಹೊಸಪೇಟೆ ಸೀಮೆಯ ಅದಿರಿಗೆ ಆಗ ಬಂಗಾರದ ಕಾಲ. ವ್ಯಾಗನ್ನಿಗೆ ಎಷ್ಟು ಹೆಚ್ಚು ತುಂಬಬಹುದು ಎಂದು ಲೆಕ್ಕ ಹಾಕಿದಷ್ಟು ಜೋರಾಗಿ ಆ ಭಾರ ಹಳಿಯ ಆಯುಷ್ಯವನ್ನು ಎಷ್ಟು ತಿನ್ನುತ್ತದೆ ಎಂಬ ಚರ್ಚೆ ನಡೆದದ್ದು ಈ ಕಡೆಯ ಜನರ ಕಿವಿಗಂತೂ ಬೀಳಲಿಲ್ಲ.

ಹೈಡ್ರೋಜನ್ ಪಾಠವನ್ನಾದರೂ ನಾವು ಸಕಾಲಕ್ಕೆ ಕಲಿತೆವೇ? 1998ರ ನವೆಂಬರ್ 26ರಂದು ಪಂಜಾಬಿನ ಖನ್ನಾದಲ್ಲಿ ಮುರಿದ ಹಳಿಯ ಮೇಲೆ ಫ್ರಾಂಟಿಯರ್ ಮೇಲ್ ಹಳಿ ತಪ್ಪಿತು, ಸಿಯಾಲ್ದಾ ಎಕ್ಸ್‌ಪ್ರೆಸ್ ಬಂದು ಅದಕ್ಕೆ ಬಡಿಯಿತು. 200ಕ್ಕೂ ಹೆಚ್ಚು ಜನ ಸತ್ತರು. ರೈಲ್ವೆಗೆ ಹಳಿ ಮಾಡಿಕೊಡುವ ಭಿಲಾಯಿ ಉಕ್ಕಿನ ಕಾರ್ಖಾನೆಯ ಹಳಿಗಳ ಹೈಡ್ರೋಜನ್ ಬಗ್ಗೆ ದೇಶದಲ್ಲಿ ಗದ್ದಲವೆದ್ದದ್ದು ಆಗಲೇ. ಈಗ ದ್ರವ ಉಕ್ಕಿನಿಂದಲೇ ನಿರ್ವಾತದಲ್ಲಿ ಅನಿಲವನ್ನು ಎಳೆದುಬಿಡುತ್ತಾರೆ, ದಶಲಕ್ಷಕ್ಕೆ 1.6 ಭಾಗಕ್ಕಿಂತ ಹೆಚ್ಚಿರಬಾರದೆಂಬ ಕಟ್ಟುಪಾಡು ಇದೆ. ಒಳ್ಳೆಯದು. ಆದರೆ ಹಳಿ ಹೇಗಿರಬೇಕೆಂದು ನಿಯಮ ಬರೆಯುವುದೂ ಮುರಿದ ತುಂಡನ್ನು ಪರೀಕ್ಷಿಸುವುದೂ ಹೆಚ್ಚಾಗಿ ಲಖನೌದ ಆರ್‌ಡಿಎಸ್‌ಒ ಎಂಬ ರೈಲ್ವೆಯದೇ ಸಂಸ್ಥೆ. ಮಾರುವವನಿಗೂ ಕೊಳ್ಳುವವನಿಗೂ ಸಮಾನವಾಗಿ ಹೊರಗಿನದಾದ ಮೂರ್ ಅವರ ಪ್ರಯೋಗಶಾಲೆಯಂಥ ಜಾಗ ನಮಗೆ ಬೇಕಿತ್ತು.

ಇಲಿನಾಯ್ ಮದ್ದು ಎಲ್ಲಿ ನಿಲ್ಲುತ್ತದೆ ಎಂದು ತಿಳಿಯಲು ಯಾವುದಾದರೂ ಹಳಿಯ ಬೆಸುಗೆ ನೋಡಬೇಕು. ಹರಪನಹಳ್ಳಿ ಕಡೆಯಾಗಲಿ ಬೇರೆಲ್ಲೇ ಆಗಲಿ ಬಯಲಿನಲ್ಲಿ ಎರಡು ಹಳಿಗಳ ನಡುವಿನ ಸಂದಿಗೆ ಅಚ್ಚು ಕಟ್ಟಿ, ಅಲ್ಯೂಮಿನಿಯಂ ಪುಡಿ ಮತ್ತು ಕಬ್ಬಿಣದ ಆಕ್ಸೈಡಿಗೆ ಬೆಂಕಿ ಕೊಟ್ಟು, ಕರಗಿದ ಉಕ್ಕನ್ನು ಸುರಿಯುತ್ತಾರೆ. ಅಲ್ಲಿ ಮುಚ್ಚಿದ ಪೆಟ್ಟಿಗೆಯೂ ಇಲ್ಲ, ತಾಸುಗಟ್ಟಲೆ ಕಾಯುವ ಪುರುಸೊತ್ತೂ ಇಲ್ಲ. ಕೆಲಸಕ್ಕೆಂದು ಗಾಡಿ ನಿಲ್ಲಿಸಿಕೊಟ್ಟ ‘ಬ್ಲಾಕ್’ ಹೊತ್ತು ಮುಗಿಯುವುದರೊಳಗೆ ಬೆಸುಗೆ ಉಜ್ಜಿ ಮಟ್ಟ ಮಾಡಿ ಗಾಡಿ ಬಿಡಬೇಕು. ಆಮೇಲೆ ಅಲ್ಟ್ರಾಸಾನಿಕ್ ಯಂತ್ರ ತಳ್ಳಿಕೊಂಡು ಬರುವವರು ಬಿರುಕು ಹುಡುಕುವಾಗ ಹಳಿಗಿಂತ ಹೆಚ್ಚು ಅನುಮಾನದಿಂದ ನೋಡುವುದು ಈ ಬೆಸುಗೆಯನ್ನೇ.