ಚರ್ಮದ ಕೇಸಿಗೆಷ್ಟು, ಕ್ಯಾಮೆರಾಕ್ಕೆಷ್ಟು?

ಚೆನ್ನೈನಲ್ಲಿ ಹಳೆಯ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾ ಮಾರುವವರು ‘ಒರಿಜಿನಲ್ ಲೆದರ್ ಕೇಸ್ ಇದೆ’ ಎಂದು ಹೇಳಿದರೆ ಸಾಕು, ಬೆಲೆ ಏರುತ್ತದೆ. ಈ ಊರಿನ ಹವೆ ಬಲ್ಲವರಿಗೆ ಅದು ಬೆಲೆ ಇಳಿಸಬೇಕಾದ ಮಾತು. ಕಡಲ ಗಾಳಿಯ ತೇವವನ್ನು ಚರ್ಮ ಹೀರಿಟ್ಟುಕೊಳ್ಳುತ್ತದೆ. ಕತ್ತಲಲ್ಲಿ, ಗಾಳಿಯಾಡದೆ ವರ್ಷಗಟ್ಟಲೆ ಕೂತ ಲೆನ್ಸಿಗೆ ಫಂಗಸ್ ಹಿಡಿಯುತ್ತದೆ. ಗಾಜನ್ನು ಕೆಡಿಸುವ ವಸ್ತುವಿಗೇ ಹೆಚ್ಚಿನ ಹಣ ಕೊಡುತ್ತೇವೆ. ಸೆಕೆಂಡ್ ಹ್ಯಾಂಡ್ ಕ್ಯಾಮೆರಾಕ್ಕೆ ಬೆಲೆ ಕಟ್ಟುವ ನಮ್ಮ ರೀತಿಯ ದೋಷವೇ ಇದು: ನೋಟಕ್ಕೆ ಬೆಲೆ ಕಟ್ಟುತ್ತೇವೆ, ಕೆಲಸಕ್ಕಲ್ಲ.

ಈ ರೂಢಿಗೆ ಕಾರಣವಿದೆ. ಉದಾರೀಕರಣಕ್ಕೆ ಮುಂಚೆ ವಿದೇಶಿ ಕ್ಯಾಮೆರಾ ಸುಲಭಕ್ಕೆ ಸಿಗುತ್ತಿರಲಿಲ್ಲ. ಬರ್ಮಾದಿಂದ ಮರಳಿದವರಿಗಾಗಿ 1969ರಲ್ಲಿ ಬೀಚ್ ಸ್ಟೇಷನ್ ಎದುರು ಎದ್ದ ಬರ್ಮಾ ಬಜಾರ್, 1985ರಲ್ಲಿ ಬೆಂಕಿಗೆ ಆಹುತಿಯಾದ ಮೂರ್ ಮಾರ್ಕೆಟ್, ಇಲ್ಲವೇ ಪರದೇಶದಿಂದ ಬರುವ ನೆಂಟರ ಸೂಟ್‌ಕೇಸು, ಹೀಗೆ ಹುಡುಕಬೇಕಿತ್ತು. ಸ್ಟುಡಿಯೋದವರ ಕೈಯಲ್ಲಿ ಒಂದು ರೋಲಿಫ್ಲೆಕ್ಸ್ ಇದ್ದರೆ ಅದು ಮನೆಯ ಚಿನ್ನವಿದ್ದ ಹಾಗೆ, ಕಷ್ಟಕಾಲಕ್ಕೆ ಮಾರಬಹುದು. ಡಿಜಿಟಲ್ ಬಂದಮೇಲೆ ಆ ಲೆಕ್ಕ ಕುಸಿಯಿತು. ಮತ್ತೆ ಫಿಲ್ಮಿನ ಹುಚ್ಚು ಹತ್ತಿದ ಹೊಸ ತಲೆಮಾರು ಬಂದಾಗ ಬೆಲೆ ಚೇತರಿಸಿಕೊಂಡಿತು, ಆದರೆ ಅಳೆಯುವ ಕೋಲು ಹಳೆಯದೇ ಉಳಿಯಿತು: ಕಂಪನಿಯ ಹೆಸರು, ಹೊಳಪು, ಪೆಟ್ಟಿಗೆ.

ಯಾಶಿಕಾ ಮ್ಯಾಟ್ 124ಜಿ ನೋಡಿ. ಹೊಸದಾಗಿ ಟ್ವಿನ್ ಲೆನ್ಸ್ ಕೊಳ್ಳುವವರೆಲ್ಲ ಮೊದಲು ಕೇಳುವುದು ಅದನ್ನೇ. 1968ರ 124ಕ್ಕೂ 1970ರ 124ಜಿಗೂ ಲೆನ್ಸ್ ಒಂದೇ, 80 ಮಿಲಿಮೀಟರಿನ ಯಾಶಿನಾನ್. ‘ಜಿ’ಗೆ ಕಾರಣ ಲೈಟ್ ಮೀಟರಿನ ಸರ್ಕ್ಯೂಟಿನಲ್ಲಿರುವ ಚಿನ್ನದ ಲೇಪ. ಆ ಮೀಟರು ಬೇಡುವುದು 1.35 ವೋಲ್ಟಿನ ಪಾದರಸದ ಬ್ಯಾಟರಿ, ಅದರ ತಯಾರಿಕೆ ನಿಂತು ಎಷ್ಟೋ ವರ್ಷವಾಯಿತು. ಈಗಿನ 1.5 ವೋಲ್ಟಿನ ಸೆಲ್ ಹಾಕಿದರೆ ಮೀಟರು ತಪ್ಪು ಹೇಳುತ್ತದೆ. ನಂಬಲಾಗದ ಮೀಟರಿಗೆ ಹೆಚ್ಚು ದುಡ್ಡು ತೆತ್ತು, ಕೊನೆಗೆ ಮೊಬೈಲಿನಲ್ಲಿ ಬೆಳಕು ಅಳೆಯುತ್ತಾರೆ. ರೋಲಿಫ್ಲೆಕ್ಸ್ 2.8ಎಫ್‌ನದೂ ಇದೇ ಕಥೆ. ಜೈಸ್ ಪ್ಲಾನರ್ ಲೆನ್ಸ್ ಇದ್ದದ್ದಕ್ಕೆ ಒಂದು ಬೆಲೆ, ಷ್ನೈಡರ್ ಜೆನೋಟಾರ್ ಇದ್ದದ್ದಕ್ಕೆ ಅದಕ್ಕಿಂತ ಕಡಿಮೆ. ಎರಡರ ಪ್ರಿಂಟನ್ನೂ ಪಕ್ಕಪಕ್ಕ ಇಟ್ಟರೆ ಯಾವುದು ಯಾವುದರದೆಂದು ಬಾಜಿ ಕಟ್ಟುವ ಧೈರ್ಯ ಹೆಚ್ಚಿನವರಿಗೆ ಬಾರದು.

ಮಾರುಕಟ್ಟೆಯ ಎಲ್ಲ ಮಾನದಂಡವೂ ಪೊಳ್ಳಲ್ಲ. ಹ್ಯಾಸಲ್‌ಬ್ಲಾಡ್ ಕ್ಯಾಮೆರಾದ ಫಿಲ್ಮ್ ಮ್ಯಾಗಜೀನಿನ ಹೊರಕವಚದ ಸಂಖ್ಯೆ, ಒಳಗಿನ ತಟ್ಟೆಯ ಸಂಖ್ಯೆ ಹೊಂದಬೇಕೆಂದು ತಿಳಿದವರು ಪಟ್ಟು ಹಿಡಿಯುತ್ತಾರೆ. ಅದು ಸರಿ, ಏಕೆಂದರೆ ಆ ಎರಡನ್ನೂ ಒಂದಕ್ಕೊಂದು ಕೂರುವಂತೆ ಜೋಡಿಯಾಗಿ ಮಾಡಿದ್ದಾರೆ. ಬಾಡಿಯ ಮೇಲಿನ ಎರಡಕ್ಷರ ತಯಾರಾದ ವರ್ಷ ಹೇಳುತ್ತದೆ: ವಿ ಅಂದರೆ 1, ಎಚ್ ಅಂದರೆ 2, ಯು ಅಂದರೆ 7. ‘ಯುವಿ’ ಎಂದಿದ್ದರೆ 1971. ಇಂಥ ಗುರುತು ವಯಸ್ಸನ್ನು ಹೇಳುತ್ತದೆ, ಆರೋಗ್ಯವನ್ನಲ್ಲ.

ಆರೋಗ್ಯ ನೋಡುವುದು ಐದು ನಿಮಿಷದ ಕೆಲಸ. ಹಿಂಬದಿ ತೆಗೆದು, ಷಟರನ್ನು ‘ಬಿ’ಯಲ್ಲಿ ತೆರೆದು ಹಿಡಿದು, ಟಾರ್ಚನ್ನು ಓರೆಯಾಗಿ ಬಿಡಬೇಕು. ಅಂಚಿನಿಂದ ಒಳಕ್ಕೆ ಹಬ್ಬಿದ ನೂಲಿನಂಥ ಎಳೆ ಕಂಡರೆ ಫಂಗಸ್. ಆಮೇಲೆ ಒಂದು ಸೆಕೆಂಡಿಗಿಟ್ಟು ಒತ್ತಬೇಕು. ಒಳಗಿನ ಗಿಯರು ಸಮನಾಗಿ ಗುಂಯ್‌ಗುಟ್ಟಿ ನಿಲ್ಲಬೇಕು, ತಡವರಿಸಿದರೆ ಎಣ್ಣೆ ಗಟ್ಟಿಯಾಗಿದೆ ಎಂದರ್ಥ. ಮಾಮಿಯಾ ಆರ್‌ಬಿ67 ಆದರೆ ಬೆಲ್ಲೋಸಿನ ಮಡಿಕೆ ಮೂಲೆಗಳಲ್ಲಿ ತೂತು ಹುಡುಕಬೇಕು, ಮ್ಯಾಗಜೀನಿನ ಫೋಮ್ ಸೆಖೆಗೆ ಕರಗಿ ಅಂಟಾಗಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಬೇಕು. ಇಷ್ಟು ನೋಡದೆ ಕಟ್ಟಿದ ಬೆಲೆ ಬರೀ ಊಹೆ.

ಈ ಅಳತೆಯಲ್ಲಿ ತೂಗಿದರೆ ಶ್ರೇಣಿಯೇ ತಲೆಕೆಳಗಾಗುತ್ತದೆ. 1970ರಲ್ಲಿ ಬಂದ ಮಾಮಿಯಾ ಆರ್‌ಬಿ67 ಹೊರಲಾರದಷ್ಟು ಭಾರ, ಆದರೆ ಬ್ಯಾಟರಿಯ ಹಂಗಿಲ್ಲ, ಬಿಚ್ಚಿ ಜೋಡಿಸಬಹುದು. 1999ರ ಕಾಂಟ್ಯಾಕ್ಸ್ 645ಕ್ಕೆ ಅದಕ್ಕಿಂತ ಎಷ್ಟೋ ಪಟ್ಟು ಬೆಲೆ. ಅದರ ಒಡೆಯ ಕ್ಯೋಸೆರಾ 2005ರಲ್ಲೇ ಈ ವ್ಯಾಪಾರದಿಂದ ಕೈ ತೊಳೆದುಕೊಂಡಿತು. ಸರ್ಕ್ಯೂಟ್ ಕೈಕೊಟ್ಟ ದಿನ ಆ ದೊಡ್ಡ ಮೊತ್ತ ಪೇಪರ್‌ವೇಟಾಗುತ್ತದೆ.

ಫಿಲ್ಮಿನ ಖರ್ಚನ್ನೂ ಬೆಲೆಯ ಜೊತೆಗೇ ಓದಬೇಕು. ರೋಲು, ಡೆವಲಪಿಂಗು, ಸ್ಕ್ಯಾನು ಸೇರಿ 1,500 ರೂಪಾಯಿ ಎಂದಿಟ್ಟುಕೊಳ್ಳಿ. 6x6 ಅಳತೆಯ ಫ್ರೇಮಿನಲ್ಲಿ 12 ಚಿತ್ರ, ಒಂದಕ್ಕೆ 125 ರೂಪಾಯಿ. 6x7ರಲ್ಲಿ 10, ಒಂದಕ್ಕೆ 150. 1960ರಲ್ಲಿ ಸ್ಥಾಪನೆಯಾದ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ‘ಇಂದು’ ಹೆಸರಿನಲ್ಲಿ ಫಿಲ್ಮ್ ಕೊಡುತ್ತಿತ್ತು. ಅದು ಬಾಗಿಲು ಹಾಕಿದ ಮೇಲೆ ನಮ್ಮ ಕ್ಯಾಮೆರಾದ ಹೊಟ್ಟೆ ತುಂಬುವುದು ಆಮದು ಮಾಲಿನಿಂದ. ಫಿಲ್ಮ್ ದುಬಾರಿಯಾದಷ್ಟೂ ಕೆಟ್ಟ ಷಟರಿನಿಂದಾಗುವ ನಷ್ಟವೂ ಏರುತ್ತದೆ.

ಇದೇ ಮದರಾಸಿನಲ್ಲಿ ಬಾಳಿದ ಎಂ. ಕೃಷ್ಣನ್ (1912–1996) ಈ ಚರ್ಚೆಗೆ ಒಳ್ಳೆಯ ಉತ್ತರ. 1940ರ ದಶಕದಲ್ಲಿ ನಮ್ಮ ಸಂಡೂರು ಸಂಸ್ಥಾನದಲ್ಲಿ ಕೆಲಸ ಮಾಡಿದ್ದ ಈ ನಿಸರ್ಗತಜ್ಞರು, ಒಂದು ಕಂಪನಿಯ ಬಾಡಿಗೆ ಇನ್ನೊಂದರ ಟೆಲಿ ಲೆನ್ಸ್ ಸೇರಿಸಿ ತಾವೇ ಕಟ್ಟಿಕೊಂಡ ಯಂತ್ರಕ್ಕೆ ‘ಸೂಪರ್ ಪಾಂಡರೋಸಾ’ ಎಂದು ಹೆಸರಿಟ್ಟಿದ್ದರು. ಇವತ್ತಿನ ಮಾನದಂಡದಲ್ಲಿ ಅದು ‘ಒರಿಜಿನಲ್ ಅಲ್ಲ’, ಆದ್ದರಿಂದ ಗಿರಾಕಿಯಿಲ್ಲ. ಅದರಲ್ಲೇ ತೆಗೆದ ಆನೆಗಳ ಕಪ್ಪು-ಬಿಳುಪು ಚಿತ್ರ ಈಗಲೂ ಕಣ್ಣು ಹಿಡಿದು ನಿಲ್ಲಿಸುತ್ತದೆ.

ಸಂಗ್ರಾಹಕರು ಪೆಟ್ಟಿಗೆಗೂ ಬಿಲ್ಲಿಗೂ ದುಡ್ಡು ಕೊಡಲಿ, ಅದು ಅವರ ಹವ್ಯಾಸ, ತಕರಾರಿಲ್ಲ. ಚಿತ್ರ ತೆಗೆಯಲು ಕೊಳ್ಳುವವರ ತಲೆಗೂ ಅದೇ ಬೆಲೆ ಕಟ್ಟುವುದು ಅನ್ಯಾಯ. ವಾಲಾಜಾ ರಸ್ತೆಯ ಅಂಗಡಿಯಾಗಲಿ, ಮನೆಯಲ್ಲಿ ಅಪ್ಪನ ಕ್ಯಾಮೆರಾ ಮಾರುವ ಮಗನಾಗಲಿ, ಚರ್ಮದ ಕೇಸಿನ ಬದಲು ಅದೇ ಕ್ಯಾಮೆರಾದಲ್ಲಿ ಈ ತಿಂಗಳು ತೆಗೆದ ಒಂದು ರೋಲಿನ ನೆಗೆಟಿವ್ ಮುಂದಿಡಲಿ. ಫ್ರೇಮಿನ ನಡುವಿನ ಅಂತರ, ಬೆಳಕು ಸೋರಿದ ಪಟ್ಟೆ, ಷಟರಿನ ನಿಜಾಯಿತಿ ಎಲ್ಲ ಅದರಲ್ಲೇ ಗೊತ್ತಾಗುತ್ತದೆ. ನೆಗೆಟಿವ್ ತೋರಿಸಲು ಒಲ್ಲದವರಿಗೆ ಷೋಕೇಸಿನ ಬೆಲೆಯಷ್ಟೇ ಕೊಡಿ.