ಎಡಗೈಯ ಪಾಲು, ಬಲಗೈಯ ಪಾಲು

ನೆಹರು ಗಂಜಿನ ಅಡತಿ ಅಂಗಡಿಗಳಲ್ಲಿ ತೊಗರಿಯ ತೂಕವು ಮುಗಿದ ತರುವಾಯ ಭಜನೆಗೆ ಕುಳಿತವರ ನಡುವೆ ಪೇಟಿಯನ್ನು ನುಡಿಸುವಾತನನ್ನು ಕಂಡವರಿಗೆ ಆತನ ಎಡಗೈಯ ದುಡಿಮೆಯು ಗೊತ್ತಿರುವುದು. ಅದು ತಿದಿಯನ್ನೊತ್ತುತ್ತದೆ, ಹಾಡೆಲ್ಲವೂ ಬಲಗೈಯ ಪಾಲಿನದು. ನಾಟಕದ ಕಂಪನಿಗಳವರು ಕಾಲಿನಿಂದ ಗಾಳಿಯೊತ್ತುವ ಪೇಟಿಯನ್ನು ತಂದಾಗ ಎಡಗೈಗೆ ಬಿಡುವಾಯಿತು. ಆದರೂ ನಾನು ಕೇಳಿದಮಟ್ಟಿಗೆ ಅದು ಬಲಗೈಯ ಸ್ವರವನ್ನೇ ಕೆಳಗಿನ ಸ್ಥಾಯಿಯಲ್ಲಿ ನುಡಿದು ತೃಪ್ತಿಪಟ್ಟಿತು. ನಮ್ಮ ರಾಗದ ನಡೆಯು ಒಂದೇ ಎಳೆಯದಾದುದರಿಂದ ಇದನ್ನು ದೋಷವೆನ್ನಲಾಗದು.

ಪಿಯಾನೊದ ಸಂಗತಿಯೇ ಬೇರೆ. ಅಲ್ಲಿ ಮೂರು ನಾಲ್ಕು ಎಳೆಗಳು ಏಕಕಾಲಕ್ಕೆ ಸಾಗುವುವು. ಸ್ವರಲಿಪಿಯಲ್ಲಿ ಎರಡು ಸಾಲುಗಳಿದ್ದು, ಮೇಲಿನದು ಬಲಗೈಗೆ, ಕೆಳಗಿನದು ಎಡಗೈಗೆ ಎಂದು ಕಲಿಸುವುದು ವಾಡಿಕೆ. ಇದು ಅರ್ಧ ಸತ್ಯವು. ಸಾಲುಗಳು ಮುಖ್ಯವಾಗಿ ಸ್ವರದ ಎತ್ತರವನ್ನೂ ಎಳೆಗಳ ಸಂಬಂಧವನ್ನೂ ತೋರಿಸತಕ್ಕವು. ಯಾವ ಬೆರಳು ಒತ್ತಬೇಕೆಂಬುದನ್ನು ಅನೇಕ ವೇಳೆ ವಾದಕನೇ ನಿರ್ಣಯಿಸಬೇಕು. ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರು ಈ ವಾದ್ಯವನ್ನು ಶ್ರದ್ಧೆಯಿಂದ ಅಭ್ಯಸಿಸಿದವರು. ರಷ್ಯದ ಮೆಟ್ನರನು ತನ್ನ ಮೂರನೆಯ ಪಿಯಾನೊ ಕನ್ಚರ್ಟೊವನ್ನು ಅವರಿಗೆ ಅರ್ಪಿಸಿದನು. ಅವನ ಕೃತಿಗಳ ಧ್ವನಿಮುದ್ರಣಕ್ಕೆ 1940ರ ದಶಕದ ಕೊನೆಯಲ್ಲಿ ಧನಸಹಾಯ ಮಾಡಿದವರೂ ಅವರೇ. ಮೆಟ್ನರನ ಹೆಣಿಗೆಯು ಬಲು ದಟ್ಟವಾದುದು. ನಡುವಣ ಎಳೆಯನ್ನು ಎರಡು ಹೆಬ್ಬೆರಳುಗಳು ಒಂದರಿಂದೊಂದು ಕೈಗೊಳ್ಳದಿದ್ದರೆ ಅಲ್ಲಿ ಹಾಡು ಹರಿದುಹೋದೀತು.

ನೆರೆಮನೆಯ ಹುಡುಗಿಯೊಬ್ಬಳು ಈ ವಾದ್ಯವನ್ನು ಕಲಿಯುತ್ತಿರುವಳು. ಅವಳ ಕೈ ಚಿಕ್ಕದು. ಕೆಳಸಾಲಿನ ಸ್ವರಗುಚ್ಛವು ಎಡಗೈಗೆ ನಿಲುಕದೆ, ಮೇಲಿನ ಸ್ವರವೊಂದನ್ನು ಸುಮ್ಮನಿದ್ದ ಬಲ ಹೆಬ್ಬೆರಳಿಗೆ ಕೊಟ್ಟಳಂತೆ. ಅದಕ್ಕಾಗಿ ಗುರುಗಳಿಂದ ಬೈಸಿಕೊಂಡು ಅತ್ತು ಬಂದಳು. ನಾನು ಅವಳ ಪಕ್ಷದವನು. ಕಣ್ಣು ಮುಚ್ಚಿ ಕೇಳಿದೆನು. ಸ್ವರಗಳು ಕೂಡಿಯೇ ನುಡಿದುವು, ಮೇಲಿನ ಹಾಡೂ ಕಡಿಯಲಿಲ್ಲ. ಇದಕ್ಕಿಂತ ಹೆಚ್ಚಿನ ಪರೀಕ್ಷೆ ಯಾವುದು?

ಆದರೆ ಈ ಸ್ವಾತಂತ್ರ್ಯಕ್ಕೆ ಎಲ್ಲೆಯಿಲ್ಲವೆ? ಬೇಥೋವನನು 1822ರಲ್ಲಿ ಮುಗಿಸಿದ ಕೊನೆಯ ಪಿಯಾನೊ ಸೊನಾಟದ ಮೊದಲ ಕ್ಷಣವನ್ನೇ ನೋಡಿರಿ. ಎಡಗೈಯು ಒಂದು ಜೋಡಿಸ್ವರವನ್ನು ಹೊಡೆದು, ಕೂಡಲೇ ಬಹು ಕೆಳಗಿನ ಇನ್ನೊಂದು ಜೋಡಿಗೆ ಹಾರಬೇಕು. ಬಲಗೈಗೆ ಆಗ ಕೆಲಸವೇ ಇಲ್ಲ. ಜೋಡಿಯ ಒಂದೊಂದು ಸ್ವರವನ್ನು ಒಂದೊಂದು ಕೈಗೆ ಹಂಚಿದರೆ ಗುರಿ ತಪ್ಪುವ ಭಯವಿಲ್ಲವೆಂದು ಹಲವು ವಾದಕರು ಹಾಗೆಯೇ ಮಾಡುವರು. ಸ್ವರಗಳೇನೋ ಬದಲಾಗವು. ಆದರೂ ನನಗೆ ಒಪ್ಪಿಗೆಯಿಲ್ಲ. ಆ ಹಾರುವಿಕೆಗೆ ತಗಲುವ ಕಣಮಾತ್ರದ ಕಾಲ, ಬೀಳುವ ತೋಳಿನ ಭಾರ, ತಪ್ಪೀತೆಂಬ ಅಳುಕು, ಇವು ಮೂರೂ ಆ ಸದ್ದಿನೊಳಗೆ ಸೇರಿವೆ. ಹಂಚಿಕೊಂಡವನು ಈ ಬಿಗುವನ್ನು ಬೇರೆ ಉಪಾಯದಿಂದ ತರಬಲ್ಲನಾದರೆ ತಕರಾರಿಲ್ಲ. ಸಲೀಸಾದ ಮೇಲೆ ಆ ಚಿಂತೆಯನ್ನೇ ಬಿಡುವವರು ಹೆಚ್ಚು.

ಇನ್ನು ರವೇಲನ ಎಡಗೈ ಕನ್ಚರ್ಟೊ. ಯುದ್ಧದಲ್ಲಿ ಬಲತೋಳನ್ನು ಕಳೆದುಕೊಂಡ ಪಾಲ್ ವಿಟ್ಗೆನ್‌ಸ್ಟೈನನಿಗಾಗಿ ಬರೆದ ಇದನ್ನು 1932ರಲ್ಲಿ ವಿಯೆನ್ನಾದಲ್ಲಿ ಮೊದಲು ನುಡಿಸಲಾಯಿತು. ಎರಡು ಕೈಯುಳ್ಳವನು ಇದನ್ನು ಹಂಚಿಕೊಂಡು ನುಡಿಸಿದರೆ ಬಹಳ ಸುಲಭವಾದೀತು. ಆದರೆ ಹೆಬ್ಬೆರಳು ಹಾಡನ್ನು ಹೊತ್ತು ಉಳಿದ ನಾಲ್ಕು ಬೆರಳುಗಳು ಪಾತಾಳಕ್ಕೂ ಮೇಲಕ್ಕೂ ಓಡಾಡುವ ಆ ಏದುಸಿರು ಅಲ್ಲಿ ಕೇಳಿಸದು. ನೆರೆಮನೆಯ ಹುಡುಗಿಗೆ ಇದನ್ನೂ ಕೇಳಿಸಿದೆನು. ನುಡಿಸುವವನ ಬಲಗೈ ಎಲ್ಲಿತ್ತೆಂದು ಅವಳು ಕೇಳಿದಳು.