ರೋಸಾ ಒಗೆದ ಬಟ್ಟೆ

ಗ್ರೆಗರಿ ನಾವಾ 1983ರಲ್ಲಿ ಮಾಡಿದ ‘ಎಲ್ ನಾರ್ಟೆ’ ಚಿತ್ರ ನೋಡಿದವರೆಲ್ಲ ಇಲಿಗಳ ದೃಶ್ಯವನ್ನೇ ಹೇಳುತ್ತಾರೆ. ಮೆಕ್ಸಿಕೋದ ಟಿಹುವಾನಾದಿಂದ ಕದ್ದು ಅಮೆರಿಕ ಸೇರಲು ಅಣ್ಣ ತಂಗಿ ಇಬ್ಬರು ಪಾಳುಬಿದ್ದ ಚರಂಡಿಯ ಕೊಳವೆಯೊಳಗೆ ತೆವಳುವಾಗ ಇಲಿಗಳು ಅವರ ಮೈಮೇಲೆ ಮುಗಿಬೀಳುತ್ತವೆ. ನಿಜಕ್ಕೂ ಭೀಕರ. ಆದರೆ ನನ್ನನ್ನು ಕಾಡಿದ್ದು ಅದಲ್ಲ, ಬಟ್ಟೆ ಒಗೆಯುವ ದೃಶ್ಯ.

ರೋಸಾ, ಎನ್ರಿಕೆ ಗ್ವಾಟೆಮಾಲಾದ ಮಾಯಾ ಜನ. ಕಾಫಿ ತೋಟದ ಕೂಲಿಗಳನ್ನು ಒಂದುಗೂಡಿಸಲು ಹೊರಟ ಅಪ್ಪನನ್ನು ಸೈನಿಕರು ಕೊಂದರು, ಅಮ್ಮನನ್ನು ಎಳೆದೊಯ್ದರು. ಕಟ್ಟುಕತೆಯಲ್ಲ ಇದು. 1960ರಿಂದ 1996ರವರೆಗೆ ನಡೆದ ಅಲ್ಲಿನ ಅಂತರ್ಯುದ್ಧದಲ್ಲಿ ಸತ್ತವರು, ಕಾಣೆಯಾದವರು 2 ಲಕ್ಷಕ್ಕೂ ಹೆಚ್ಚು. ಬಹುಪಾಲು ಮಾಯಾ ಜನರೇ. ‘ನೇರ ದಾರಿಯಲ್ಲಿ ಬರಬಾರದಿತ್ತೆ?’ ಎಂದು ಕೇಳುವವರಿದ್ದಾರೆ. 1984ರಲ್ಲಿ ಆಶ್ರಯ ಬೇಡಿದ ಗ್ವಾಟೆಮಾಲಾದವರಲ್ಲಿ ನೂರಕ್ಕೆ ಮೂವರಿಗೂ ಅಮೆರಿಕ ಹೂಂ ಅನ್ನಲಿಲ್ಲ. ಸ್ನೇಹದ ಸರ್ಕಾರದಿಂದ ಓಡಿಬಂದವರಿಗೆ ಆಶ್ರಯ ಕೊಟ್ಟರೆ ಸ್ನೇಹಿತನೇ ಕೊಲೆಗಡುಕನೆಂದು ಒಪ್ಪಿದಂತಾಗುತ್ತಿತ್ತಲ್ಲ!

ಲಾಸ್ ಏಂಜಲೀಸಿನಲ್ಲಿ ರೋಸಾ ಗೆಳತಿ ನಾಚಾಳ ಜೊತೆ ಸಿರಿವಂತರ ಮನೆಗೆಲಸಕ್ಕೆ ಹೋಗುತ್ತಾಳೆ. ಮನೆಯೊಡತಿ ವಾಷಿಂಗ್ ಮೆಷಿನ್ನಿನ ಗುಂಡಿಗಳನ್ನು ತೋರಿಸುತ್ತಾ ಇಂಗ್ಲಿಷಿನಲ್ಲಿ ಪಾಠ ಒಪ್ಪಿಸುತ್ತಾಳೆ. ರೋಸಾಗೆ ಒಂದೂ ತಲೆಗೆ ಹತ್ತದು. ಒಡತಿ ಅತ್ತ ಹೋದ ಮೇಲೆ ಬಟ್ಟೆಯನ್ನೆಲ್ಲ ಕೈಯಲ್ಲೇ ಒಗೆದು ಹುಲ್ಲಿನ ಮೇಲೆ ಬಿಸಿಲಿಗೆ ಹರವಿಬಿಡುತ್ತಾಳೆ. ತಿರುಗಿ ಬಂದವಳಿಗೆ ಬೆರಗೋ ಬೆರಗು. ನಾವೂ ನಗುತ್ತೇವೆ. (ಮೆಷಿನ್ನನ್ನು ನಂಬದೆ ಕಾಲರನ್ನಾದರೂ ಕೈಯಲ್ಲಿ ಉಜ್ಜಿ ಹಾಕದವರು ನಮ್ಮಲ್ಲಿ ಎಷ್ಟು ಮಂದಿ ಹೇಳಿ!) ನಗು ಇಳಿದ ಮೇಲೆ ಮನಸ್ಸು ಚುರುಕ್ಕೆನ್ನುತ್ತದೆ. ಒಡತಿ ಕೆಟ್ಟವಳಲ್ಲ. ಆದರೆ ಮನೆಯ ಮಾಸಿದ ಬಟ್ಟೆಯನ್ನೆಲ್ಲ ಒಪ್ಪಿಸಿದವಳು, ಈ ಹುಡುಗಿ ಎಲ್ಲಿಂದ, ಹೇಗೆ ಬಂದಳೆಂದು ಕೇಳುವುದಿಲ್ಲ. ಕೇಳದಿರುವುದರಲ್ಲೇ ಅನುಕೂಲ. ಗಡಿಯಲ್ಲಿ ಹೆಲಿಕಾಪ್ಟರ್ ಹಾರಿಸುವ ದೇಶಕ್ಕೆ ಹಿತ್ತಿಲ ಬಾಗಿಲಲ್ಲಿ ಅದೇ ಕೈಗಳು ಬೇಕು. 1986ರವರೆಗೆ ಅಂಥವರನ್ನು ಕೆಲಸಕ್ಕಿಟ್ಟುಕೊಳ್ಳುವುದು ಅಲ್ಲಿನ ಒಕ್ಕೂಟದ ಕಾನೂನಿನಲ್ಲಿ ಅಪರಾಧವೇ ಆಗಿರಲಿಲ್ಲ. ಬಂದವಳು ಕಳ್ಳಿ, ಕೆಲಸ ಕೊಟ್ಟವಳು ಯಜಮಾನಿ!

ಆ ವರ್ಷದ ಕಾನೂನು ಕೆಲಸ ಕೊಡುವವರಿಗೂ ದಂಡ ಹೇಳಿತು, ಆಗಲೇ ನೆಲೆಸಿದ್ದ ಸುಮಾರು 27 ಲಕ್ಷ ಜನರನ್ನು ಸಕ್ರಮವೂ ಮಾಡಿತು. 1994ರಲ್ಲಿ ಸ್ಯಾನ್ ಡಿಯಾಗೋ ಬಳಿ ಬೇಲಿ, ಕಾವಲು ಬಿಗಿಯಾದಾಗ ಜನ ನಿಲ್ಲಲಿಲ್ಲ. ಪೂರ್ವದ ಬೆಟ್ಟ, ಮರಳುಗಾಡಿನ ದಾರಿ ಹಿಡಿದರು, ಬಿಸಿಲಿಗೆ ಬಾಯಾರಿ ಸತ್ತರು.

ಇಷ್ಟು ಮೆಚ್ಚಿದ ಮೇಲೂ ಚಿತ್ರದ ಮೇಲೆ ನನಗೆ ತಕರಾರಿದೆ. ಹೋಟೆಲಿನಲ್ಲಿ ಎನ್ರಿಕೆಯ ಮೇಲೆ ದೂರು ಕೊಡುವವನು ಅಲ್ಲಿಯೇ ಹುಟ್ಟಿದ, ಮೆಕ್ಸಿಕೋ ಮೂಲದ ಕೆಲಸಗಾರ. ಚಿತ್ರ ಅವನನ್ನು ಬರೀ ಹೊಟ್ಟೆಕಿಚ್ಚಿನವನನ್ನಾಗಿ ಮಾಡಿ ಕೈತೊಳೆದುಕೊಳ್ಳುತ್ತದೆ. ಕಾಗದವಿಲ್ಲದವನು ಬಂದು ತನ್ನ ಬಡ್ತಿ ಕಿತ್ತುಕೊಂಡನೆಂಬ ಅವನ ಸಂಕಟ ಸುಳ್ಳೇ? ಬೇಲಿ ಬೇಕೆನ್ನುವವರಲ್ಲಿ ಅಂಥ ಬಡವರೂ ಇದ್ದಾರೆ.

ಇನ್ನೊಂದು ಮಾತು. 2025ರ ಫೆಬ್ರವರಿಯಲ್ಲಿ 104 ಮಂದಿ ಭಾರತೀಯರನ್ನು ಬೇಡಿ ತೊಡಿಸಿ ಸೇನಾವಿಮಾನದಲ್ಲಿ ಅಮೃತಸರಕ್ಕೆ ತಂದಿಳಿಸಿದರು. ‘ದುಡ್ಡಿನಾಸೆಗೆ ಹೋದವರು, ಆಗಬೇಕಾದ್ದೇ’ ಎಂದವರು ನಮ್ಮಲ್ಲೇ ಇದ್ದರು. ಅವರ ಬೆನ್ನಟ್ಟಿದ ಸೈನ್ಯವಿರಲಿಲ್ಲ, ನಿಜ. ಹಾಗೆಂದು ಬೇಡಿ ತೊಡಿಸಬೇಕೆ? ಇದಕ್ಕೆ ನಾವಾ ಚಿತ್ರದಲ್ಲಿ ಉತ್ತರವಿಲ್ಲ. ಕರುಣೆ ಸುಲಭವಾಗಿ ಹುಟ್ಟುವ, ಕಳಂಕವೇ ಇಲ್ಲದ ಇಬ್ಬರನ್ನು ಅದು ಆರಿಸಿಕೊಂಡಿದೆ. ಅದೂ ಸಾಲದೆಂದು, ಇಲಿಗಳಿಂದ ಹತ್ತಿದ ಟೈಫಸ್ ಜ್ವರದಲ್ಲಿ ರೋಸಾಳನ್ನು ಸಾಯಿಸುತ್ತದೆ. ಹೆಣ್ಣು ಸತ್ತರೇ ನಮ್ಮ ಕಣ್ಣು ಒದ್ದೆಯಾಗುವುದು ಎಂಬ ಹಳೆಯ ಲೆಕ್ಕ! ಬದುಕಿ ಉಳಿದವಳು ನಾಚಾ. ಪೊಲೀಸರು ಬಂದರೆ ಯಾವ ಬಾಗಿಲಿನಿಂದ ಓಡಬೇಕು, ಯಾವ ಮನೆಯಲ್ಲಿ ಎಷ್ಟು ಕೇಳಬೇಕು ಎಲ್ಲ ಬಲ್ಲ ಗಟ್ಟಿಗಿತ್ತಿ. ರೋಸಾಳನ್ನು ಮಣ್ಣು ಮಾಡಿದ ಮಾರನೆಯ ಬೆಳಿಗ್ಗೆ ಅವಳು ಯಾವ ಮನೆಯ ಕೆಲಸಕ್ಕೆ ಹೋದಳೆಂದು ಚಿತ್ರ ಹೇಳುವುದಿಲ್ಲ.